ಷರಾ

ಅರ್ಜಿಯಲ್ಲಿ ‘ಉದ್ದೇಶ’ ಅಂತಿದ್ದ ಕಡೆ
ದೇಚಮ್ಮ ಬರೆದಿದ್ದು ಒಂದೇ ಪದ: ಕೇಳುವುದು.
ಮುಖ್ಯಾಧಿಕಾರಿ ಅದನ್ನು ಹೊಡೆದುಹಾಕಿ
‘ಶಬ್ದ ಪರೀಕ್ಷೆ’ ಎಂದು ತಿದ್ದಿ, ಸಹಿ ಮಾಡಿ,
ಬೀಗದ ಕೈ ನನ್ನ ಹತ್ತಿರ ಇದೆಯಲ್ಲ,
ನೀನೂ ಹೋಗು ಅಂದರು.

ವಿರಾಜಪೇಟೆಯ ಮೇಲ್ಗಡೆ, ಗುಡ್ಡದಲ್ಲಿ ಅರ್ಧ ಹೂತ
ಎರಡು ಲಕ್ಷ ಲೀಟರಿನ ದುಂಡು ಟ್ಯಾಂಕು.
ವರ್ಷಕ್ಕೆರಡು ಸಲ ಬರಿದು ಮಾಡಿ ತೊಳೆಯುತ್ತೇನೆ.
ತೆಂಗಿನ ಪೊರಕೆ, ಬ್ಲೀಚಿಂಗ್ ಪುಡಿ, ನಾನು.
ನೀರುಗಂಟಿ ಕೆಲಸ ಕಲಿಸಿದ ಐತ
ಮೊದಲ ದಿನವೇ ಹೇಳಿದ್ದ:
ಒಳಗೆ ಯಾರ ಹೆಸರನ್ನೂ ಕರೆಯಬೇಡ.
ಕರೆದದ್ದು ಸುತ್ತಿ ಸುತ್ತಿ ಬರುತ್ತದೆ,
ಓಗೊಟ್ಟವರು ಯಾರೆಂದು ಗೊತ್ತಾಗುವುದಿಲ್ಲ.
ಹತ್ತೊಂಬತ್ತು ವರ್ಷ ಬಾಯಿ ಮುಚ್ಚಿಯೇ ತೊಳೆದೆ.
ಕೆಮ್ಮು ಬಂದರೆ ಏಣಿ ಹತ್ತಿ ಹೊರಗೆ.

ನಾಲ್ವರು ಇಳಿದರು. ಬರಿಗಾಲಲ್ಲಿ.
ಜನ ಕುಡಿಯುವ ನೀರು, ಅಂತ ನಾನೇ ಹೇಳಿದ್ದೆ.
ದೇಚಮ್ಮನ ಕೈಯಲ್ಲಿ ಕಂಚಿನ ತಟ್ಟೆ, ಪಿಟೀಲಿನ ಕಮಾನು.
ಮರದ ಮಿಲ್ಲಿನ ಹಂಸ ತನ್ನ ಕೈಗರಗಸವನ್ನು
ಮೊಣಕಾಲ ನಡುವೆ ಬಾಗಿಸಿ ಹಿಡಿದ.
ಲೂಸಿಯ ಹಾರ್ಮೋನಿಯಂ ಹಗ್ಗದಲ್ಲಿ ಇಳಿಯಿತು,
ಕರುವಿನ ಹಾಗೆ ಎರಡು ಸಲ ಗೋಡೆಗೆ ತಾಗಿ.
ಮೇದರ ಕೇರಿಯ ಚೋಮ, ಅವನ ಪರೆ, ಅವನ ಕೊಂಬು.

ಚೋಮನೇ ಮೊದಲು ಸೋತದ್ದು.
ಪುತ್ತರಿಗೆ, ಮದುವೆಗೆ, ಸಾವಿಗೆ ಬಾರಿಸಿದ ಕೈ
ಒಂದೇ ಉಸಿರಿಗೆ ಎಂಟು ಪೆಟ್ಟು ಕೊಟ್ಟಿತು.
ಎಂಟೂ ಒಂದರ ಮೇಲೊಂದು ಬಿದ್ದು
ಬಾಗಿಲಲ್ಲಿ ಸಿಕ್ಕಿಕೊಂಡ ನೆಂಟರ ಹಾಗೆ
ಒಳಗೂ ಇಲ್ಲ, ಹೊರಗೂ ಇಲ್ಲ.
‘ಇದೇನು, ನನ್ನ ಪೆಟ್ಟೇ ನನಗೆ ಅಡ್ಡ’ ಅಂದ.
ಅದೂ ಅಡ್ಡ ಬಂತು.

ದೇಚಮ್ಮ ಬೆರಳೆತ್ತಿ ಎಲ್ಲರನ್ನೂ ನಿಲ್ಲಿಸಿದರು.
ಗಡಿಯಾರ ನೋಡಿದರು. ಹದಿನೇಳು ಸೆಕೆಂಡು.
ಆಮೇಲೆ ಒಂದು ಪೆಟ್ಟು.
ಅದು ಗೋಡೆ ಹಿಡಿದು ಹೊರಟಿತು,
ಕುರುಡಿ ಅಜ್ಜಿ ತನ್ನದೇ ಮನೆಯಲ್ಲಿ
ಕಂಬ ತಡವಿಕೊಂಡು ನಡೆದ ಹಾಗೆ, ಅವಸರವಿಲ್ಲದೆ.
ಅವಳು ಕೂತಳೋ ಇಲ್ಲವೋ
ಎಂದು ಅನುಮಾನ ಬರುವ ಹೊತ್ತಿಗೆ
ಹಂಸ ಗರಗಸದ ಬೆನ್ನಿಗೆ ಕಮಾನು ತಾಗಿಸಿದ.
ನುಡಿಸಿದ್ದು ಕಡಿಮೆ. ಕಾದದ್ದೇ ರಾತ್ರಿಯೆಲ್ಲ.

ಎರಡು ಗಂಟೆಗೆ ನಾನು ವಾಲ್ವಿನ ಹತ್ತಿರ ಹೋದೆ.
ಮೊಣಕಾಲು ಮುಳುಗುವ ತನಕ ನುಡಿಸುತ್ತೇವೆ,
ನಿಧಾನ ಬಿಡಿ ಅಂದರು ದೇಚಮ್ಮ.
ಆರು ಗಂಟೆಗೆ ತೆಲುಗರ ಬೀದಿ,
ಹಾಸ್ಟೆಲು, ಆಸ್ಪತ್ರೆಯ ಹೆರಿಗೆ ವಾರ್ಡು,
ಗಡಿಯಾರ ಕಂಬದ ಹತ್ತಿರದ ಟೀ ಅಂಗಡಿ,
ಇವರಿಗೆಲ್ಲ ನಿಧಾನ ಅಂತ ಯಾರು ಹೇಳುವುದು?
ಕಾಲು ಸುತ್ತು ತಿರುಗಿಸಿದೆ. ಹೆಚ್ಚೆಂದರೆ ಮುಕ್ಕಾಲು ಗಂಟೆ.
ಎಣ್ಣೆ ಕಾಣದ ಚಕ್ರ ಕಿರ್ರೆಂದಿತು,
ಪೈಪಿನೊಳಗಿಂದ ಟ್ಯಾಂಕಿಗೆ ಹೋಯಿತು,
ಹಂಸ ಅದೇ ಶ್ರುತಿ ಹಿಡಿದ.
ನಾನು ಸುಮ್ಮನೆ ಇನ್ನೊಂದು ಚೂರು ತಿರುಗಿಸಿದೆ,
ಅವನು ಬರುತ್ತಾನೋ ನೋಡೋಣ ಅಂತ.
ಬಂದ.

ಒಬ್ಬೊಬ್ಬರೇ ಒದ್ದೆ ಕಾಲಲ್ಲಿ ಮೇಲೆ ಬಂದರು.
ಪೂರ್ತಿ ಬಿಡುವ ಮುಂಚೆ
ಒಳಗೆ ಯಾರೂ ಇಲ್ಲವೆಂದು ಕೂಗಿ ನೋಡುವುದು ಕಾಯಿದೆ.
ನಾನೊಬ್ಬನೇ ತೊಳೆದ ಟ್ಯಾಂಕಲ್ಲಿ
ಯಾವತ್ತು ಕೂಗಿದ್ದೇನೆ?
ಬಗ್ಗಿ ಕರೆದೆ. ದೇಚಮ್ಮಾ. ಹಂಸಾ. ಲೂಸೀ. ಚೋಮಾ.
ನಾಲ್ವರೂ ನನ್ನ ಬೆನ್ನ ಹಿಂದೆ
ಕಾಲು ಒರೆಸಿಕೊಳ್ಳುತ್ತಿದ್ದರು.
ಒಳಗೂ ನಾಲ್ವರಿದ್ದರು,
ನೀರಿನ ಮೇಲೆ ನಡೆಯುತ್ತಾ,
ಒಬ್ಬರನ್ನೊಬ್ಬರು ಕರೆಯುತ್ತಾ.
ಹದಿನೇಳಕ್ಕೆ ಕಾದೆ. ಹದಿನೈದಕ್ಕೇ ಮುಗಿಯಿತು.
ಆಮೇಲೆ ಪೂರ್ತಿ ತಿರುಗಿಸಿದೆ.

ಐದೂವರೆಗೆ, ಮೇಲೆ ಒಂದಾಳು ಎತ್ತರ ಗಾಳಿ ಉಳಿದಿರುವಾಗ
ಚೋಮ ಕಿಂಡಿಗೆ ಬಾಯಿಟ್ಟು ಕೊಂಬು ಊದಿದ.
ಊದಿದ್ದು ತಕ್ಷಣ ಅವನ ಮುಖಕ್ಕೇ ಬಡಿಯಿತು.
ನಕ್ಕ. ಬೀಡಿ ಹಚ್ಚಿದ.

ರಿಜಿಸ್ಟರಿನಲ್ಲಿ ದಿನಾಂಕ ಬರೆದೆ.
ಬ್ಲೀಚಿಂಗ್ ಎರಡು ಕಿಲೋ. ಸೋರಿಕೆ ಇಲ್ಲ.
ಯಾವತ್ತೂ ಖಾಲಿ ಬಿಡುವ ಷರಾದ ಕಾಲಮ್ಮಿನಲ್ಲಿ
ಹದಿನೇಳು ಸೆಕೆಂಡು.
ಏನಯ್ಯಾ ಇದು, ಅಂದರು ಇಂಜಿನಿಯರು.
ಬರಿದಾಗಿದ್ದಾಗ, ಸಾರ್, ಅಂದೆ.
ತುಂಬಿದರೆ ಇರುವುದಿಲ್ಲ.